ಗಂಗಾವತಿ ಹತ್ತಿರದ ರೈಸ್ ಮಿಲ್ಲಿನಲ್ಲಿ ನಿಂತಿರುವ ಹಳೇ ಎಂ.ಜಿ. ಸ್ಪೋರ್ಟ್ಸ್ ಕಾರು ಕೊಂಡು ರೆಡಿ ಮಾಡಿಸಬಹುದಾ?

ನಿಮ್ಮ ಪ್ರಶ್ನೆ ಇಷ್ಟು ತಾನೇ: ಮಿಲ್ಲಿನ ಗೋದಾಮಿನಲ್ಲಿ 1952ರ ಎಂ.ಜಿ. ಟಿಡಿ (ಎಂ.ಜಿ. ಇಂಗ್ಲೆಂಡಿನ ಕಂಪನಿ, ಟಿಡಿ ಮಾಡೆಲ್ ಹೆಸರು) ನಿಂತಿದೆ. ಎರಡೇ ಸೀಟು, ಮೇಲೆ ಬಟ್ಟೆ ಹುಡ್. ಸುಮಾರು ಮೂವತ್ತು ವರ್ಷದಿಂದ ಕದಲಿಲ್ಲ. ಯಜಮಾನರು ತೀರಿಕೊಂಡಿದ್ದಾರೆ, ಮಗ 12 ಲಕ್ಷ ಕೇಳುತ್ತಿದ್ದಾರೆ. ರಿಪೇರಿಗೆ ಅಂತ ನಿಮ್ಮ ಹತ್ತಿರ ಇನ್ನೊಂದು 6 ಲಕ್ಷ ಇದೆ. ಬಂದು ನೋಡಿದ ಮೆಕ್ಯಾನಿಕ್ "ಇಂಜಿನ್ ಜಾಮ್ ಆಗೇತಿ, ಬಿಡ್ರಿ" ಅಂದಿದ್ದಾರೆ. ಕೊಳ್ಳೋದಾ, ಬೇಡ್ವಾ?

ನಾನು ಬಳ್ಳಾರಿಯವನು. ಸಂಡೂರಿನ ಕಡೆಯಿಂದ ತಂದ ಇದೇ ಮಾಡೆಲ್ ಕಾರು ನನ್ನ ಹತ್ತಿರ ಇದೆ, ಪೂರ್ತಿ ಬಿಚ್ಚಿ ಜೋಡಿಸಿದ್ದೇನೆ. ನನ್ನ ಮಾತು ಕೇಳುವುದಾದರೆ, ಇಂಜಿನ್ ಜಾಮ್ ಆಗಿದ್ದಕ್ಕೆ ಹೆದರಬೇಡಿ. ಈ ಕಾರಿನಲ್ಲಿ ದುಡ್ಡು ನುಂಗುವುದು ಮರ ಮತ್ತು ಕಾಗದ. ಅವೆರಡೂ ಸರಿ ಇದ್ದರೆ ಚೌಕಾಸಿಗೆ ಕೂತ್ಕೊಳ್ಳಿ, ಇಲ್ಲದಿದ್ದರೆ ಒಂದು ಫೋಟೋ ತೆಗೆದುಕೊಂಡು ಮನೆಗೆ ಬನ್ನಿ.

ಮರದಿಂದಲೇ ಶುರು ಮಾಡುತ್ತೇನೆ. ಹೊರಗಿನಿಂದ ನೋಡಿದರೆ ಟಿಡಿ ಪೂರ್ತಿ ತಗಡಿನ ಕಾರು. ಆದರೆ ಕೆಳಗೆ ಕಬ್ಬಿಣದ ಚಾಸಿಸ್, ಅದರ ಮೇಲೆ ಆ್ಯಶ್ ಅನ್ನುವ ಮರದ ಚೌಕಟ್ಟು, ಆ ಚೌಕಟ್ಟಿಗೆ ಹೊಡೆದು ಕೂರಿಸಿದ ತಗಡು, ಹೀಗೆ ಕಟ್ಟಿದ್ದಾರೆ. ಆಗಿನ ಕಾಲಕ್ಕೇ ಇದು ಹಳೇ ಪದ್ಧತಿ. ಬಳ್ಳಾರಿ, ರಾಯಚೂರು ಕಡೆ ಮಳೆ ಕಡಿಮೆ, ಗಾಳಿ ಒಣ. ಹಾಗಾಗಿ ಕರಾವಳಿಯಲ್ಲಿ ನಿಂತ ಕಾರಿಗೆ ಹಿಡಿಯುವಷ್ಟು ತುಕ್ಕು ನಮ್ಮಲ್ಲಿ ಚಾಸಿಸ್‌ಗೆ ಹಿಡಿಯುವುದಿಲ್ಲ. "ನಮ್ಮ ಕಡೆ ನಿಂತ ಗಾಡಿ ಗಟ್ಟಿ" ಅಂತ ಜನ ಹೇಳುವುದು ಇದಕ್ಕೇ. ಆದರೆ ಗಂಗಾವತಿ ತುಂಗಭದ್ರೆಯ ಕಾಲುವೆ ನೀರಿನ ಊರು. ಸುತ್ತ ಭತ್ತದ ಗದ್ದೆ, ಗೋದಾಮಿನ ನೆಲ ಸದಾ ತಂಪು. ಗೆದ್ದಲಿಗೆ ಇನ್ನೇನು ಬೇಕು?

ಪರೀಕ್ಷೆ ಸುಲಭ. ಈ ಕಾರಿನ ಬಾಗಿಲಿಗೆ ಕೀಲು ಹಿಂದಿದೆ, ತೆರೆಯುವುದು ಮುಂದಿನಿಂದ. ಅಂದರೆ ಬಾಗಿಲಿನ ಭಾರವೆಲ್ಲ ಹಿಂದಿನ ಮರದ ಕಂಬದ ಮೇಲೆ. ಬಾಗಿಲು ಅರ್ಧ ತೆಗೆದು ತುದಿ ಹಿಡಿದು ಮೆಲ್ಲಗೆ ಮೇಲಕ್ಕೆ ಎತ್ತಿ. ಕೀಲಿನಲ್ಲಿ ಮಾತ್ರ ಆಟ ಇದ್ದರೆ ಪಿನ್ ಸವೆದಿದೆ ಅಷ್ಟೇ, ಲೇತ್‌ನಲ್ಲಿ ಮಾಡಿಸಬಹುದು. ಕಂಬದ ಹತ್ತಿರದ ತಗಡೂ ಬಾಗಿಲಿನ ಜೊತೆ ಏಳುತ್ತಿದ್ದರೆ ಒಳಗೆ ಮರ ಹೋಗಿದೆ. ಮಿಲ್ಲಿನಲ್ಲಿ ಚೀಲ ಹೊಲಿಯುವ ದಬ್ಬಳ ಸಿಕ್ಕೇ ಸಿಗುತ್ತದೆ. ಯಜಮಾನರ ಮಗನನ್ನು ಒಂದು ಮಾತು ಕೇಳಿ, ಸೀಟು ತೆಗೆದು, ಬಾಗಿಲ ಕೆಳಗಿನ ಉದ್ದ ಮರಕ್ಕೆ ಚುಚ್ಚಿ ನೋಡಿ. ತುದಿ ಟಕ್ ಅಂತ ನಿಂತರೆ ಖುಷಿ ಪಡಿ. ಸಲೀಸಾಗಿ ಇಳಿದು, ಹೊರಗೆ ಎಳೆದಾಗ ತುದಿಗೆ ಕೆಮ್ಮಣ್ಣು ಅಂಟಿಕೊಂಡು ಬಂದರೆ ಗೆದ್ದಲು ಒಳಗೆ ಮನೆ ಮಾಡಿದೆ. ಕಾಲಿಡುವ ಜಾಗದ ಪ್ಲೈವುಡ್ ಹಾಳಾಗಿದ್ದರೆ ಲೆಕ್ಕಕ್ಕೆ ಹಿಡಿಯಬೇಡಿ, ಅದು ಅರ್ಧ ದಿನದ ಕೆಲಸ.

ಮರ ಬದಲಿಸಬೇಕಾದರೆ ಸೋಫಾ, ವಾರ್ಡ್‌ರೋಬ್ ಮಾಡುವವರ ಹತ್ತಿರ ಹೋಗಬೇಡಿ. ಚಕ್ಕಡಿ, ಕೂರಿಗೆ ಮಾಡಿ ಅಭ್ಯಾಸವಿರುವ ಹಳೇ ಬಡಿಗೇರರು ಇನ್ನೂ ಹಳ್ಳಿಗಳಲ್ಲಿ ಇದ್ದಾರೆ. ಮರದ ಎಳೆ ಯಾವ ಕಡೆ ಓಡುತ್ತದೆ ಅಂತ ನೋಡಿ ಕುಯ್ಯುವುದು ಅವರಿಗೆ ಗೊತ್ತು. ಹಿಂದಿನ ಚಕ್ರದ ಮೇಲೆ ಬಾಗಿರುವ ತುಂಡಿಗೆ ಅದು ಬೇಕೇ ಬೇಕು. ನನ್ನ ಕಾರಿಗೆ ಕೆಲಸ ಮಾಡಿದ ಅಜ್ಜ ಸಾಗವಾನಿಯಲ್ಲಿ ಮಾಡಿದರು. ಕೊಳೆತ ತುಂಡನ್ನು ನಾನು ಮೂಲೆಗೆ ಎಸೆದಾಗ "ಏ ತಮ್ಮಾ, ಅಳತಿ ಅದರಾಗ ಐತಿ" ಅಂತ ಬೈದು ತರಿಸಿಕೊಂಡರು. ಅದನ್ನೇ ಹೊಸ ಮರದ ಮೇಲಿಟ್ಟು ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಗೆದ್ದಲು ತಿಂದ ಕಡೆ ಬೆರಳಿನಿಂದ ಅಂದಾಜು ಮಾಡಿ ಗೆರೆ ಮುಂದುವರಿಸಿದರು. ಬಾಗಿಲು ಹಾಕಿದಾಗ ಸಂದು ಸರಿಯಾಗಿ ಕೂತಿತು. ಒಂದು ಎಚ್ಚರಿಕೆ: ಎರಡೂ ಕಡೆ ಒಟ್ಟಿಗೆ ಬಿಚ್ಚಬೇಡಿ. ಬಾಗಿಲ ಜಾಗಕ್ಕೆ ಅಡ್ಡಪಟ್ಟಿ ಬಿಗಿದು ಒಂದೊಂದೇ ಕಡೆ ಮಾಡಿಸಿ. ಇಲ್ಲದಿದ್ದರೆ ಬಾಡಿ ಸೊಟ್ಟಗಾಗಿ ಬಾಗಿಲು ಜನ್ಮದಲ್ಲಿ ಕೂರುವುದಿಲ್ಲ.

ಇನ್ನು ಕಾಗದ. ಆರ್‌ಸಿ ಪುಸ್ತಕ ಇದೆಯಾ ಅಂತ ನೀವು ಬರೆದಿಲ್ಲ. ಅದೇ ಮೊದಲು ಕೇಳಬೇಕಾದ್ದು. ನಿಮ್ಮ ಊರಿನ ಗಾಡಿಗಳ ಇತಿಹಾಸ ಸ್ವಲ್ಪ ಸುತ್ತುಬಳಸು. 1956ರ ನವೆಂಬರ್‌ವರೆಗೆ ಕೊಪ್ಪಳ, ಗಂಗಾವತಿ, ರಾಯಚೂರು ಎಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ಆಮೇಲೆ ರಾಯಚೂರು ಜಿಲ್ಲೆ. ಕೊಪ್ಪಳ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಹಾಗಾಗಿ 1952ರ ಕಾರಿನ ಮೊದಲ ನಂಬರ್ ಹೈದರಾಬಾದಿನದ್ದಾಗಿರಬಹುದು, ನಡುವಿನ ದಾಖಲೆ ರಾಯಚೂರಿನಲ್ಲಿರಬಹುದು, ಈಗ ನೀವು ಅರ್ಜಿ ಹಾಕುವುದು ಕೊಪ್ಪಳದ ಆರ್‌ಟಿಒದಲ್ಲಿ. ನಮ್ಮ ಬಳ್ಳಾರಿ ಕಾರುಗಳದ್ದು ಇನ್ನೊಂದು ಕಥೆ, 1953ರವರೆಗೆ ನಾವು ಮದ್ರಾಸಿನವರು. ಹಳೇ ದಾಖಲೆ ಕಂಪ್ಯೂಟರಿಗೆ ಏರದೇ ಇದ್ದರೆ "ಬ್ಯಾಕ್‌ಲಾಗ್ ಎಂಟ್ರಿ" ಮಾಡಿಸಬೇಕು. ಅದಕ್ಕೆ ಒರಿಜಿನಲ್ ಪುಸ್ತಕ ಕೈಯಲ್ಲಿರಬೇಕು. ಜೆರಾಕ್ಸ್ ನಂಬಿ ಅಡ್ವಾನ್ಸ್ ಕೊಡಬೇಡಿ.

ಯಜಮಾನರು ತೀರಿಕೊಂಡಿರುವುದರಿಂದ ಗಾಡಿ ಮೊದಲು ವಾರಸುದಾರರ ಹೆಸರಿಗೆ ಆಗಬೇಕು. ಅದಕ್ಕೆ ಫಾರಂ 31, ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ. ಮಗ ಒಬ್ಬರೇ ಮಾತಾಡುತ್ತಿದ್ದಾರೆ ಅಂತ ಅವರೊಬ್ಬರದೇ ಸಹಿ ತಗೊಂಡು ಬರಬೇಡಿ. ಅಕ್ಕತಂಗಿಯರು ಇದ್ದರೆ ಅವರ ಒಪ್ಪಿಗೆಯೂ ಬರಹದಲ್ಲಿ ಇರಲಿ. ನಿಮ್ಮ ಹೆಸರಿಗೆ ಬರುವುದು ಆಮೇಲೆ, ಫಾರಂ 29 ಮತ್ತು 30ರಲ್ಲಿ. ಈ ಓಡಾಟದ ಖರ್ಚು ಅವರದ್ದಾ ನಿಮ್ಮದಾ ಅನ್ನುವುದನ್ನು ರೇಟಿನ ಜೊತೆಗೇ ಮಾತಾಡಿ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದರೆ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು. ಶುಲ್ಕ 20,000 ರೂಪಾಯಿ, 10 ವರ್ಷ ಚಾಲ್ತಿ, ನವೀಕರಣಕ್ಕೆ 5,000. ಹಳೇ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು, ಹೊಸದಾದರೆ ನಡುವೆ "ವಿಎ" ಅಕ್ಷರ ಬರುತ್ತದೆ. ಆದರೆ ಹೀಗೆ ಮಾಡಿಸಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್, ಇಷ್ಟಕ್ಕೆ ಹೊರಗೆ ತೆಗೆಯಬಹುದು. ಇನ್ನೊಂದು ಷರತ್ತು ನಿಮಗೆ ಮುಖ್ಯ: ಚಾಸಿಸ್, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು.

ಅದಕ್ಕೇ ಇಂಜಿನ್ ಓಡುತ್ತದಾ ಅನ್ನುವುದಕ್ಕಿಂತ ಅದು ಅದರದೇ ಇಂಜಿನ್ನಾ ಅನ್ನುವುದು ದೊಡ್ಡ ಪ್ರಶ್ನೆ. ಪಾರ್ಟ್ಸ್ ಸಿಗದ ಕಾಲದಲ್ಲಿ ಎಷ್ಟೋ ಹಳೇ ಕಾರಿಗೆ ಅಂಬಾಸಿಡರ್ ಇಂಜಿನ್ ಕೂರಿಸಿದ್ದಾರೆ. ಟಿಡಿಯದ್ದು 1250 ಸಿಸಿ, ನಂಬರ್ "ಎಕ್ಸ್‌ಪಿಎಜಿ" ಅಂತ ಶುರುವಾಗುತ್ತದೆ. ಚಾಸಿಸ್ ನಂಬರನ್ನು ಎಡಗಡೆ ಮುಂದಿನ ಚಾಸಿಸ್ ತುದಿಯಲ್ಲಿ ಕೊರೆದಿರುತ್ತಾರೆ. ಗ್ರೀಸು, ಮಣ್ಣು ಕೆರೆದು, ಸೀಮೆಸುಣ್ಣ ತಿಕ್ಕಿದರೆ ಕಾಣುತ್ತದೆ. ಅಂದಹಾಗೆ ಟಿಡಿ ಚಾಸಿಸ್ ನಂಬರ್‌ಗಳು ಒಂದರಿಂದ ಶುರುವಾಗಲಿಲ್ಲ, 251ರಿಂದ. ಇಂಗ್ಲೆಂಡಿನ ಆ್ಯಬಿಂಗ್ಡನ್ ಫ್ಯಾಕ್ಟರಿಯ ಫೋನ್ ನಂಬರ್ ಅದು! ಎರಡೂ ನಂಬರ್ ಆರ್‌ಸಿಗೆ ತಾಳೆಯಾದರೆ 12 ಲಕ್ಷದ ಮಾತು ಕೇಳಿಸಿಕೊಳ್ಳಬಹುದು. ತಾಳೆಯಾಗದಿದ್ದರೆ ಅರ್ಧಕ್ಕೂ ನಾನು ಮುಟ್ಟುವುದಿಲ್ಲ.

ಜಾಮ್ ಆದ ಇಂಜಿನ್‌ಗೆ ಸೆಲ್ಫ್ ಹೊಡೆಯಲು ಯಾರಿಗೂ ಬಿಡಬೇಡಿ. ಪ್ಲಗ್ ತೆಗೆದು, ಡೀಸೆಲ್ ಜೊತೆ ಗೇರ್ ಆಯಿಲ್ ಬೆರೆಸಿ ಸಿಲಿಂಡರ್‌ಗೆ ಹಾಕಿ, ಕೆಲವು ದಿನ ಬಿಟ್ಟು, ಹ್ಯಾಂಡಲ್‌ನಿಂದ ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಬಿಡದಿದ್ದರೂ ತೊಂದರೆಯಿಲ್ಲ. ಬೋರ್ ಮಾಡಿಸುವುದು, ಕ್ರ್ಯಾಂಕ್ ಗ್ರೈಂಡಿಂಗ್, ಇವೆಲ್ಲ ಲಾರಿ ಓಡಾಡುವ ನಮ್ಮ ಊರುಗಳಲ್ಲಿ ದಿನಾ ನಡೆಯುವ ಕೆಲಸ. ತಲೆನೋವು ಇರುವುದು ಬೋಲ್ಟಿನಲ್ಲಿ. ಈ ಇಂಜಿನ್ನಿನ ಮರೆ (ಥ್ರೆಡ್) ಮೆಟ್ರಿಕ್, ಆದರೆ ಬೋಲ್ಟಿನ ತಲೆ ವಿಟ್‌ವರ್ತ್ ಅನ್ನುವ ಹಳೇ ಇಂಗ್ಲೆಂಡಿನ ಅಳತೆ. ಅಂಗಡಿಯಲ್ಲಿ ಸಿಗುವ 8 ಎಂಎಂ ಬೋಲ್ಟಿನ ಪಿಚ್, ಅಂದರೆ ಮರೆಯ ಸುತ್ತುಗಳ ನಡುವಿನ ಅಂತರ, 1.25 ಎಂಎಂ, ಇದರದ್ದು 1. ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಮೆಕ್ಯಾನಿಕ್ ಪಾನಾಗೆ ಪೈಪ್ ಹಾಕಿ ಒತ್ತುತ್ತಾರೆ, ಬ್ಲಾಕಿನ ಮರೆ ಕಿತ್ತು ಬರುತ್ತದೆ. ಆದ್ದರಿಂದ ಬಿಚ್ಚಿದ ಒಂದೊಂದು ಬೋಲ್ಟನ್ನೂ ಡಬ್ಬಿಗೆ ಹಾಕಿ ಮೇಲೆ ಹೆಸರು ಬರೆದಿಡಿ. ವಿಟ್‌ವರ್ತ್ ಪಾನಾ ಸೆಟ್ ಒಂದು ಮೊದಲೇ ತರಿಸಿಕೊಳ್ಳಿ. ಇಂಜಿನ್ ಹಿಂದಿನಿಂದ ಎಣ್ಣೆ ತೊಟ್ಟಿಕ್ಕುತ್ತದೆ, ಅದನ್ನು ನಿಲ್ಲಿಸುತ್ತೇನೆ ಅಂತ ಹೊರಡಬೇಡಿ. ಅಲ್ಲಿ ಈಗಿನ ಥರ ಸೀಲೇ ಇಲ್ಲ. ಕೆಳಗೆ ಒಂದು ತಗಡು ಇಡಿ, ಸುಮ್ನೆ.

ಮಿಲ್ಲಿನಲ್ಲಿ ನಿಂತ ಕಾರಲ್ವಾ, ಇಲಿ ವೈರಿಂಗ್ ಬಿಟ್ಟಿರುವುದಿಲ್ಲ. ಒಂದೂ ವೈರ್ ಉಳಿದಿಲ್ಲ ಅಂತಲೇ ಅಂದುಕೊಂಡು ಲೆಕ್ಕ ಹಾಕಿ. ಬಟ್ಟೆ ಸುತ್ತಿದ ಹೊಸ ವೈರಿಂಗ್ ಸೆಟ್ ಹೊರದೇಶದಲ್ಲಿ ಸಿಗುತ್ತದೆ. ಈ ಕಾರಿನಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಹೋಗುತ್ತದೆ, ಅದನ್ನು ಎಲೆಕ್ಟ್ರಿಷಿಯನ್‌ಗೆ ಬಾನೆಟ್ ಮೇಲೆ ಬರೆದು ತೋರಿಸಿ. ಅಭ್ಯಾಸಬಲದಲ್ಲಿ ಉಲ್ಟಾ ಕೊಡುತ್ತಾರೆ. ಪೆಟ್ರೋಲಿನಲ್ಲಿ ಈಗ 20% ಎಥನಾಲ್ ಇರುವುದರಿಂದ ಹಳೇ ರಬ್ಬರ್ ಪೈಪ್, ಕಾರ್ಬುರೇಟರಿನ ಹಳೇ ಸೀಲು ಉಳಿಯುವುದಿಲ್ಲ. ಅವೆಲ್ಲ ಹೊಸದೇ ಹಾಕಿಸಿ.

ಪಾರ್ಟ್ಸ್ ಬಗ್ಗೆ ಭಯ ಬೇಡ. ಟಿಡಿ ಒಟ್ಟು 29,600ಕ್ಕೂ ಹೆಚ್ಚು ತಯಾರಾದವು, ಅದರಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. ಆದ್ದರಿಂದ ಮಾಸ್ ಮೋಟರ್ಸ್ ಥರದ ಅಂಗಡಿಗಳು ಅಮೆರಿಕ, ಇಂಗ್ಲೆಂಡಿನಲ್ಲಿ ಇಂದಿಗೂ ಇವುಗಳ ಸಾಮಾನು ಮಾರುತ್ತವೆ. ಅವರ ಕ್ಯಾಟಲಾಗ್ ಬಿಚ್ಚಿದ ಚಿತ್ರಗಳ ಸಮೇತ ಇರುತ್ತದೆ, ಕೊಳ್ಳದಿದ್ದರೂ ಓದಿ. ನಮ್ಮೂರಿನ ಎಂ.ಜಿ. ಶೋರೂಮಿಗೆ ಮಾತ್ರ ಹೋಗಬೇಡಿ, ಅಲ್ಲಿಯ ಹುಡುಗರು ಪಾಪ ಕಕ್ಕಾಬಿಕ್ಕಿಯಾಗುತ್ತಾರೆ. ಸಾಗಣೆ, ಕಸ್ಟಮ್ಸ್ ಸೇರಿದರೆ ಸಣ್ಣ ಸಾಮಾನೂ ಕೈ ಕಚ್ಚುತ್ತದೆ ಅನ್ನುವುದು ನಿಜ. ಹಾಗಾಗಿ ಕೆಟ್ಟಿರುವುದನ್ನು ಎಣಿಸಬೇಡಿ, ಇಲ್ಲದಿರುವುದನ್ನು ಎಣಿಸಿ. ಕೆಟ್ಟದ್ದನ್ನು ಇಲ್ಲೇ ರಿಪೇರಿ ಮಾಡಬಹುದು. ಮುಂದಿನ ಗಾಜಿನ ಫ್ರೇಮ್, ಡ್ಯಾಶ್‌ಬೋರ್ಡಿನ ಮೀಟರ್‌ಗಳು, ಎರಡೂ ಎಸ್‌ಯು ಕಾರ್ಬುರೇಟರ್, ರೇಡಿಯೇಟರ್ ಮುಂದಿನ ಕ್ರೋಮ್ ಚೌಕಟ್ಟು, ಹುಡ್ಡಿನ ಕಬ್ಬಿಣದ ಬಿಲ್ಲುಗಳು ಇವೆಯಾ ನೋಡಿ. ಹಿತ್ತಾಳೆ ಸಾಮಾನು ಗುಜರಿಗೆ ಹೋಗಿರುವುದು ಜಾಸ್ತಿ.

ಸೀಟಿನ ಕೆಲಸಕ್ಕೆ ಬೆಂಗಳೂರಿಗೆ ಓಡಬೇಡಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ದಪ್ಪ ಮಷಿನ್‌ಗಳಿವೆ, ಲೆದರ್ ಕೊಟ್ಟರೆ ಆರಾಮಾಗಿ ಹೊಲಿಯುತ್ತಾರೆ. ಪೇಂಟ್ ಬಗ್ಗೆ ನನ್ನದು ಸ್ವಲ್ಪ ಹಟದ ಅಭಿಪ್ರಾಯ: ಹಳೇ ಬಣ್ಣ ಅರ್ಧ ಉಳಿದಿದ್ದರೂ ಬಿಡಿ, ಉಜ್ಜಿ ಪಾಲಿಶ್ ಮಾಡಿ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು, ಹಳೇದನ್ನು ಮತ್ತೆ ತರಲು ಆಗಲ್ಲ. ಹೊಡೆಸಲೇಬೇಕು ಅಂದರೆ ಪೇಂಟ್ ಬೂತ್ (ಧೂಳು ಬಾರದ ಮುಚ್ಚಿದ ಕೋಣೆ) ಇರುವ ಕಡೆ ಹೊಡೆಸಿ, ಆಷಾಢದ ಗಾಳಿಯಲ್ಲಂತೂ ಬೇಡ. ನಮ್ಮ ಕಡೆಯ ಅದಿರಿನ ಕೆಂಪು ಧೂಳು ಬಿಳಿ ಬಣ್ಣದ ಮೇಲೆ ಕೂತರೆ ತೆಗೆಯುವುದು ಬಹಳ ಕಷ್ಟ.

ದುಡ್ಡಿನ ಲೆಕ್ಕ ಹೀಗೆ. ಮರ ಗಟ್ಟಿ, ನಂಬರ್ ತಾಳೆ, ಸಾಮಾನು ಪೂರ್ತಿ ಇದ್ದರೆ ನಿಮ್ಮ 6 ಲಕ್ಷದಲ್ಲಿ ನಿಧಾನವಾಗಿ ಓಡುವ ಹಂತಕ್ಕೆ ತರಬಹುದು, ಅರ್ಧ ಕೆಲಸ ನೀವೇ ಮಾಡಿದರೆ. ಮರ ಹೋಗಿದ್ದರೆ ಸಾಲುವುದಿಲ್ಲ, ಆ ಕೆಲಸದ ದುಡ್ಡನ್ನು 12ರಲ್ಲಿ ಕಳೆದು ಕೇಳಿ. ಮಾರಿ ಲಾಭ ಮಾಡೋಣ ಅಂತಿದ್ದರೆ ಬೇಡವೇ ಬೇಡ. ಸ್ಪೋರ್ಟ್ಸ್ ಕಾರು ಅಂತ ಸ್ಪೀಡಿನ ಆಸೆಯೂ ಬೇಡ. 54 ಹಾರ್ಸ್‌ಪವರ್, ಇವತ್ತಿನ ಆಲ್ಟೊ ಕೆ10 ಇದಕ್ಕಿಂತ ಜೋರು.

ತರುವಾಗ ಹಗ್ಗ ಕಟ್ಟಿ ಎಳೆಸಬೇಡಿ. ಬ್ರೇಕ್ ಹಿಡಿದುಕೊಂಡಿರುತ್ತದೆ, ಟೈರ್ ಸೀಳಿರುತ್ತದೆ. ಲಾರಿ ಮೇಲೆ ಹತ್ತಿಸಿ, ಹಗ್ಗವನ್ನು ಚಾಸಿಸ್‌ಗೆ ಮಾತ್ರ ಬಿಗಿಯಿರಿ. ಕಾರು ಎತ್ತಿದ ಮೇಲೆ ನೆಲದ ಮೇಲಿನ ಭತ್ತದ ಹೊಟ್ಟನ್ನು ಹಾಗೇ ಬಿಟ್ಟು ಬರಬೇಡಿ. ಮಿಲ್ಲಿನವರ ಹತ್ತಿರವೇ ಜರಡಿ ಕೇಳಿ ಪೂರ್ತಿ ಜರಡಿ ಹಿಡಿಯಿರಿ. ನನಗೆ ಮೀಟರಿನ ರಿಂಗು, ಬಾನೆಟ್ಟಿನ ಎರಡು ಕೊಂಡಿ ಸಿಕ್ಕಿದ್ದು ಹಾಗೇ.