ರಾಸು ವಿಮೆಯಲ್ಲಿ ಚಿಕಿತ್ಸೆ ಖರ್ಚು ಸಿಗುತ್ತಾ? ಕ್ಲೇಮ್ ಎಲ್ಲಿ ತಪ್ಪುತ್ತೆ?

ಅಣ್ಣಾ, ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಇವೆ. ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಷಿಯನ್ ತಳಿ) ಹಸುವಿಗೆ ಕೆಚ್ಚಲು ಬಾವು ಬಂದು ಔಷಧಿಗೇ ಒಂಬತ್ತು ಸಾವಿರ ಖರ್ಚಾಯ್ತು, ವಿಮೆ ಇದೆ, ಆ ದುಡ್ಡು ಬರುತ್ತಾ ಅನ್ನೋದು ಒಂದು. ಪಕ್ಕದ ಮನೆಯವರ ಹಸು ಸತ್ತಾಗ ಕಿವಿಯೋಲೆ (ಕಿವಿಗೆ ಹಾಕೋ ನಂಬರಿನ ಟ್ಯಾಗ್) ಇಲ್ಲ ಅಂತ ಕ್ಲೇಮ್ ಕೊಡಲಿಲ್ಲ, ಹಾಗಿದ್ದ ಮೇಲೆ ವಿಮೆ ಯಾಕೆ ಮಾಡಿಸಬೇಕು ಅನ್ನೋದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ: ಬರಲ್ಲ. ರಾಸು ವಿಮೆ ಸಾವಿಗೆ ಮಾತ್ರ. ರೋಗ, ಅಪಘಾತ, ಹಾವು ಕಡಿತ, ಸಿಡಿಲು, ಪ್ರವಾಹ, ಆಪರೇಷನ್ ಸಮಯದ ಸಾವು, ಇವಕ್ಕೆ ದುಡ್ಡು ಕೊಡ್ತಾರೆ. ಇಂಜೆಕ್ಷನ್, ಡ್ರಿಪ್, ಡಾಕ್ಟರ್ ಫೀಸು ಅದರಲ್ಲಿ ಸೇರಲ್ಲ. ಪೇಟೆಯಲ್ಲಿ ಸಾಕುನಾಯಿಗೆ ಮಾಡಿಸೋ ಕೆಲವು ಪಾಲಿಸಿಗಳಲ್ಲಿ ಆಪರೇಷನ್ ಖರ್ಚು ಸೇರಿರುತ್ತೆ, ಅದನ್ನು ಕೇಳಿ ಹಸುವಿಗೂ ಹಾಗೇ ಅಂದುಕೊಳ್ಳೋರು ಬಹಳ ಜನ. ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ 'ಶಾಶ್ವತ ಪೂರ್ಣ ಅಂಗವೈಕಲ್ಯ' ಅಂತ ಒಂದು ರಕ್ಷಣೆ ಸೇರಿಸಬಹುದು. ಹಸು ಇನ್ನು ಗಬ್ಬ ಕಟ್ಟೋದೇ ಇಲ್ಲ ಅಥವಾ ಹಾಲು ಕೊಡೋದೇ ಇಲ್ಲ ಅಂತ ವೈದ್ಯರು ದೃಢೀಕರಿಸಿದರೆ ಸಾಮಾನ್ಯವಾಗಿ ವಿಮಾ ಮೊತ್ತದ 75% ಕೊಡ್ತಾರೆ. ಬಾವಿನಿಂದ ಒಂದು ಮೊಲೆ ಬತ್ತಿದರೆ ಅದು ಇದರಲ್ಲಿ ಬರಲ್ಲ.

ಹಾಗಾಗಿ ಚಿಕಿತ್ಸೆ ಖರ್ಚನ್ನು ಇಳಿಸೋ ದಾರಿ ಕೊಟ್ಟಿಗೆಯಲ್ಲೇ ಹುಡುಕಬೇಕು. ಕೆಚ್ಚಲು ಬಾವಿನಲ್ಲಿ ದುಡ್ಡು ಹೆಚ್ಚು ಪೋಲಾಗೋದು ಎರಡು ಕಾರಣಕ್ಕೆ. ಹಾಲು ಒಡೆದು ಬರೋವರೆಗೆ ಗೊತ್ತೇ ಆಗಲ್ಲ. ಗೊತ್ತಾದ ಮೇಲೆ ಯಾವ ಕ್ರಿಮಿ ಅಂತ ನೋಡದೆ ಒಂದಾದ ಮೇಲೊಂದು ಆಂಟಿಬಯೋಟಿಕ್ ಬದಲಾಯಿಸ್ತಾರೆ. ಮೊದಲನೆಯದಕ್ಕೆ ಸಿ.ಎಂ.ಟಿ. (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ಅನ್ನೋ ಬಾವು ಪತ್ತೆ ಕಿಟ್ ಇದೆ. ನಾಲ್ಕು ಬಟ್ಟಲಿನ ತಟ್ಟೆಗೆ ಪ್ರತಿ ಮೊಲೆಯಿಂದ ಸುಮಾರು 3 ಎಂ.ಎಲ್. ಹಾಲು, ಅಷ್ಟೇ ದ್ರಾವಣ ಹಾಕಿ ಹತ್ತಿಪ್ಪತ್ತು ಸೆಕೆಂಡ್ ತಿರುಗಿಸಿ. ಲೋಳೆಯಂತೆ ಗಟ್ಟಿಯಾದರೆ ಆ ಮೊಲೆಯಲ್ಲಿ ಬಾವು ಒಳಗೇ ಶುರುವಾಗಿದೆ. ಕರು ಹಾಕಿದ ಮೊದಲ ನಾಲ್ಕೈದು ದಿನ ಮಾತ್ರ ಈ ಪರೀಕ್ಷೆ ಬೇಡ, ಗಿಣ್ಣು ಹಾಲಿಗೆ ಅದು ಸುಳ್ಳು ಫಲಿತಾಂಶ ಕೊಡುತ್ತೆ.

ಎರಡನೆಯದಕ್ಕೆ, ಮೊದಲ ಇಂಜೆಕ್ಷನ್ ಬೀಳೋ ಮುಂಚೆ ಹಾಲಿನ ಸ್ಯಾಂಪಲ್ ತೆಗೀಬೇಕು. ಮೊಲೆ ತೊಳೆದು ಒರೆಸಿ, ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ, ಮೊದಲ ಧಾರೆಗಳನ್ನು ಬೇರೆ ಪಾತ್ರೆಗೆ ಬಿಟ್ಟು, ಆಮೇಲಿನ ಹಾಲನ್ನು ಸ್ಟೆರೈಲ್ ಟ್ಯೂಬಿಗೆ ಹಿಡಿದು ಮಂಜುಗಡ್ಡೆ ಮೇಲೆ ಇಟ್ಟು ಕಳಿಸಿ. ಯಾವ ಔಷಧಿ ಕೆಲಸ ಮಾಡುತ್ತೆ ಅನ್ನೋ ಪರೀಕ್ಷೆ ಹೆಬ್ಬಾಳದ ಪ್ರಾಣಿ ಆರೋಗ್ಯ ಸಂಸ್ಥೆಯಲ್ಲೂ ಪಶುವೈದ್ಯಕೀಯ ಕಾಲೇಜುಗಳಲ್ಲೂ ಮಾಡ್ತಾರೆ. ವರದಿ ಬರೋವರೆಗೆ ವೈದ್ಯರು ಕೊಡೋ ಚಿಕಿತ್ಸೆ ನಿಲ್ಲಿಸಬೇಡಿ. ಬಾವು ಇಳಿಯಿತು ಅಂತ ಎರಡನೇ ದಿನಕ್ಕೆ ಕೋರ್ಸ್ ಬಿಡಬೇಡಿ, ತಿಂಗಳೊಳಗೆ ಅದೇ ಮೊಲೆ ಮತ್ತೆ ಊದಿಕೊಳ್ಳೋದು ಹೀಗೇ.

ತಡೆಯೋಕೆ ಖರ್ಚು ಕಮ್ಮಿ: ಕರೆದ ತಕ್ಷಣ ಅಯೋಡಿನ್ ಟೀಟ್ ಡಿಪ್‌ನಲ್ಲಿ (ಕ್ರಿಮಿ ಕೊಲ್ಲೋ ದ್ರಾವಣ) ಮೊಲೆ ಅದ್ದಿ, ಮುಂದೆ ಮೇವು ಹಾಕಿ ಅರ್ಧ ಗಂಟೆ ಹಸು ಮಲಗದಂತೆ ನೋಡಿಕೊಳ್ಳಿ. ಕರೆದ ಮೇಲೆ ಮೊಲೆ ರಂಧ್ರ ಮುಚ್ಚೋಕೆ ಅಷ್ಟು ಹೊತ್ತು ಬೇಕು. ಕರು ಹಾಕೋ ಸುಮಾರು 60 ದಿನ ಮುಂಚೆ ಹಾಲು ಬತ್ತಿಸೋವಾಗ ಮೊಲೆಗೆ ಹಾಕೋ ಔಷಧಿ ಬಗ್ಗೆ ವೈದ್ಯರನ್ನು ಕೇಳಿ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಉಚಿತ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ (ಗರ್ಭಪಾತ ತರೋ ರೋಗ) ಲಸಿಕೆಯೂ ಉಚಿತ. ತುರ್ತು ಇದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಇದೆ. ಕರು ಹಾಕಿದ ಹಸು ಏಳದೆ ಕುತ್ತಿಗೆ ಮಡಿಸಿ ಬಿದ್ದಿದ್ದರೆ ಬಾಯಿಗೆ ಏನೂ ಎರೆಯಬೇಡಿ. ಅದು ಹಾಲು ಜ್ವರ ಇರಬಹುದು, ಆಗ ನುಂಗೋ ಶಕ್ತಿ ಇರಲ್ಲ, ಎರೆದದ್ದು ಶ್ವಾಸಕೋಶಕ್ಕೆ ಹೋಗಿ ಹಸು ನ್ಯುಮೋನಿಯಾದಿಂದ ಸಾಯುತ್ತೆ.

ಈಗ ವಿಮೆ. ಮಾಡಿಸಲೇಬೇಕು ಅನ್ನೋದು ನನ್ನ ಅಭಿಪ್ರಾಯ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರ ಬದಲಾವಣೆ ನಂತರ ರೈತನ ಪಾಲು ಪ್ರೀಮಿಯಂನ 15% ಮಾತ್ರ, ಉಳಿದದ್ದನ್ನು ಕೇಂದ್ರ, ರಾಜ್ಯ 60:40 ಹಂಚಿಕೊಳ್ಳುತ್ತವೆ. ಉದಾಹರಣೆಗೆ 60,000 ರೂಪಾಯಿ ಹಸುವಿಗೆ ನೂರಕ್ಕೆ 4 ರೂಪಾಯಿ ದರ ಅಂದುಕೊಂಡರೆ ಪ್ರೀಮಿಯಂ 2,400, ನಿಮ್ಮ ಕೈಯಿಂದ 360. ನಿಮ್ಮ ತಾಲ್ಲೂಕಿಗೆ ಈ ವರ್ಷ ಎಷ್ಟು ರಾಸುಗಳಿಗೆ ಸಬ್ಸಿಡಿ ವಿಮೆಯ ಗುರಿ ಇದೆ ಅಂತ ಪಶು ಆಸ್ಪತ್ರೆಯಲ್ಲೇ ಕೇಳಿ, ಗುರಿ ಮುಗಿದರೆ ಸಬ್ಸಿಡಿ ಸಿಗಲ್ಲ.

ಕ್ಲೇಮ್ ತಪ್ಪೋದು ಬಹುಪಾಲು ಕಿವಿಯಲ್ಲಿ. 'ಓಲೆ ಇಲ್ಲದಿದ್ದರೆ ಕ್ಲೇಮ್ ಇಲ್ಲ' ಅನ್ನೋದು ಪಾಲಿಸಿಯಲ್ಲೇ ಬರೆದಿರೋ ಷರತ್ತು. ಗೊಂತಿಗೆ, ಬೇಲಿಗೆ ಸಿಕ್ಕಿ ಓಲೆ ಕಿತ್ತುಹೋಗುತ್ತೆ. ಬಿದ್ದ ದಿನವೇ ಕಂಪನಿಗೆ ಲಿಖಿತವಾಗಿ ತಿಳಿಸಿ, ಹೊಸ ಓಲೆ ಹಾಕಿಸಿ, ಹೊಸ ನಂಬರನ್ನು ಪಾಲಿಸಿಗೆ ಸೇರಿಸಿದ ಪತ್ರ ಕೈಗೆ ಬರೋವರೆಗೆ ಬಿಡಬೇಡಿ. ಓಲೆ ಹಾಕಿಸಿ ಸುಮ್ಮನಾದರೆ ಕಾಗದದಲ್ಲಿ ಹಳೇ ನಂಬರ್ ಇರುತ್ತೆ, ಕಿವಿಯಲ್ಲಿ ಹೊಸದು. ಪಕ್ಕದ ಮನೆಯವರಿಗೆ ಆಗಿದ್ದು ಇಂಥದ್ದೇ ಇರಬೇಕು.

ಪಾಲಿಸಿ ಶುರುವಾದ ಮೊದಲ 15 ದಿನದಲ್ಲಿ ರೋಗದಿಂದ ಸತ್ತರೆ ಸಾಮಾನ್ಯವಾಗಿ ಕೊಡಲ್ಲ. ನವೀಕರಣಕ್ಕೆ ಒಂದು ದಿನ ತಡವಾದರೂ ಈ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಬಹುದು. ಗಂಟಲು ಬೇನೆ, ಚಪ್ಪೆ ಬೇನೆಯಂಥ ರೋಗಕ್ಕೆ ಲಸಿಕೆ ಹಾಕಿಸಿದ ದಾಖಲೆ ಕೇಳ್ತಾರೆ, ಲಸಿಕೆ ಚೀಟಿ ಎಸೀಬೇಡಿ. ಕಳ್ಳತನ ಸೇರಲ್ಲ. ಹಸು ಕೊಂಡಾಗ ಹಳೇ ಮಾಲೀಕರ ಪಾಲಿಸಿ ತಾನಾಗೇ ನಿಮ್ಮದಾಗಲ್ಲ, ಹೆಸರು ಬದಲಾಯಿಸಬೇಕು. ಬೆಲೆ ಸುಮ್ಮನೆ ಏರಿಸಿ ಬರೆಸೋದರಿಂದಲೂ ಲಾಭ ಇಲ್ಲ. ವಿಮಾ ಮೊತ್ತ, ಕಾಯಿಲೆಗೆ ಮುಂಚಿನ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಯಾವುದು ಕಮ್ಮಿಯೋ ಅಷ್ಟೇ ಬರೋದು.

ಸತ್ತ ದಿನ ಮಾಡಬೇಕಾದ್ದು: ಮೊದಲು ಕಂಪನಿಯ ಟೋಲ್ ಫ್ರೀ ನಂಬರಿಗೆ ಫೋನ್, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಏಜೆಂಟಿಗೆ ವಾಟ್ಸಾಪ್ ಹಾಕಿದ್ದು ಲೆಕ್ಕಕ್ಕೆ ಬರಲ್ಲ. ಆಮೇಲೆ ಪಶುವೈದ್ಯರಿಗೆ ಫೋನ್. ಬೇಸಿಗೆಯಲ್ಲಿ ದೇಹ ಬೇಗ ಕೊಳೆತು ಸಾವಿನ ಕಾರಣವೇ ತಿಳಿಯದಾಗುತ್ತೆ, ತಡ ಮಾಡಬೇಡಿ. ಓಲೆ ಓದುವಂತೆ ಹತ್ತಿರದಿಂದ ಒಂದು ಫೋಟೋ, ಎರಡೂ ಮಗ್ಗುಲಿಂದ ಇಡೀ ದೇಹದ ಫೋಟೋ, ನೀವು ಜೊತೆಗಿರೋ ಒಂದು ಫೋಟೋ ತೆಗೀರಿ. ಓಲೆಯನ್ನು ನೀವೇ ಕೀಳಬೇಡಿ, ಮರಣೋತ್ತರ ಪರೀಕ್ಷೆ ಆಗದೆ ಹೂಳಬೇಡಿ. ಕ್ಲೇಮ್ ಅರ್ಜಿ, ಪಾಲಿಸಿ, ಪರೀಕ್ಷೆಯ ವರದಿ, ಓಲೆ, ಚಿಕಿತ್ಸೆ ಚೀಟಿಗಳು ಎಲ್ಲಾ ಒಟ್ಟಿಗೆ ಕೊಟ್ಟು ಸ್ವೀಕೃತಿ ಪಡೀರಿ.

ಒಂದು ಎಚ್ಚರಿಕೆ, ಇದು ಜೀವದ ಪ್ರಶ್ನೆ. ಚೆನ್ನಾಗಿದ್ದ ರಾಸು ಏಕಾಏಕಿ ಸತ್ತು ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರ್ತಿದ್ದರೆ ನೆರಡಿ ರೋಗದ (ಆಂಥ್ರಾಕ್ಸ್) ಅನುಮಾನ ಪಡಬೇಕು. ದೇಹ ಕುಯ್ಯಬಾರದು, ಚರ್ಮ ಸುಲಿಯಬಾರದು, ಮನುಷ್ಯರಿಗೂ ಅದು ಅಂಟುತ್ತೆ. ವೈದ್ಯರು ಕಿವಿಯಿಂದ ರಕ್ತದ ಲೇಪನ ತೆಗೆದು ಪರೀಕ್ಷಿಸ್ತಾರೆ. ಕ್ಲೇಮ್‌ಗೆ ಪರೀಕ್ಷೆ ಬೇಕು ಅಂತ ಯಾರಾದರೂ ಕುಯ್ಯೋಕೆ ಹೇಳಿದರೂ ಕೇಳಬೇಡಿ, ವೈದ್ಯರ ಪ್ರಮಾಣಪತ್ರ ತಗೊಳ್ಳಿ.

ವಿಮೆ ಇಲ್ಲದ ರಾಸು ಆಕಸ್ಮಿಕವಾಗಿ ಸತ್ತವರು ರಾಜ್ಯದ ಅನುಗ್ರಹ ಯೋಜನೆಗೆ ಅರ್ಜಿ ಹಾಕಿ. 2025-26ರ ಬಜೆಟ್‌ನಲ್ಲಿ ಹಸು, ಎಮ್ಮೆ, ಎತ್ತಿಗೆ 10,000 ಇದ್ದ ಪರಿಹಾರವನ್ನು 15,000ಕ್ಕೆ ಏರಿಸಿದ್ದಾರೆ. ಇಲ್ಲೂ ಮರಣೋತ್ತರ ವರದಿ ಬೇಕು.

ನಿಮ್ಮ ಹಸು ಈಗ ಹುಷಾರಾಗ್ತಿದೆ ಅಂದಿದ್ದೀರಿ. ಇವತ್ತು ಸಂಜೆ ಕರೆಯೋವಾಗ ಕಿವಿಯೋಲೆಯ 12 ಅಂಕಿಯನ್ನು ಒರೆಸಿ, ಪಾಲಿಸಿ ಕಾಗದ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಅಂಕಿ ತಾಳೆ ನೋಡಿ. ಒಂದು ತಪ್ಪಿದ್ದರೂ ನಾಳೆಯೇ ತಿದ್ದುಪಡಿಗೆ ಅರ್ಜಿ ಕೊಡಿ.