ಹಲ್ಲಿನ ಕ್ಯಾಪ್ ಕೂರಿಸಲು ಯಾವ ಸಿಮೆಂಟ್?

ವಿರಾಜಪೇಟೆಯಲ್ಲಿ ಹಾಕಿಸಿದ ದವಡೆ ಹಲ್ಲಿನ ಕ್ಯಾಪ್ ಮಳೆಗಾಲದಲ್ಲಿ ಕಳಚಿದೆ, ಸಿಮೆಂಟ್ ಕಳಪೆಯೇ ಎಂದು ಕೇಳಿದ್ದೀರಿ. ಮೊದಲು ನೋಡಬೇಕಾದ್ದು ಕೆತ್ತಿದ ಹಲ್ಲಿನ ಎತ್ತರ. ದವಡೆ ಹಲ್ಲಿಗೆ ಸುಮಾರು 4 ಮಿ.ಮೀ. ಇಲ್ಲದಿದ್ದರೆ ಮಾಮೂಲಿ ಸಿಮೆಂಟ್ ಹಿಡಿಯುವುದು ಕಷ್ಟ. ಆಗ ಹಲ್ಲಿಗೂ ಕ್ಯಾಪ್‌ಗೂ ಅಂಟಿಕೊಳ್ಳುವ, ಪ್ಲಾಸ್ಟಿಕ್ ಜಾತಿಯ ರೆಸಿನ್ ಸಿಮೆಂಟೇ ಬೇಕು.

ಎತ್ತರ ಸಾಕಷ್ಟಿದ್ದರೆ ಲೋಹ, ಲೋಹ-ಸೆರಾಮಿಕ್, ಜಿರ್ಕೋನಿಯಾ (ಬಿಳಿಯ ಗಟ್ಟಿ ಸೆರಾಮಿಕ್) ಕ್ಯಾಪ್‌ಗಳಿಗೆ ಗಾಜಿನ ಪುಡಿಗೆ ಆಮ್ಲ ಬೆರೆಸಿ ಮಾಡುವ ಗ್ಲಾಸ್ ಅಯಾನೊಮರ್ ಸಿಮೆಂಟ್ ಸಾಕು. ಅದು ಗಟ್ಟಿಯಾಗುವ ಮೊದಲು ಎಂಜಲು ತಗುಲಿದರೆ ಅಂಚು ಕರಗುತ್ತದೆ. ರೆಸಿನ್ ಬೆರೆಸಿದ ಗ್ಲಾಸ್ ಅಯಾನೊಮರ್ ಈ ವಿಷಯದಲ್ಲಿ ಮೇಲು.

ಹಳೆಯ ಕಾಲದ ಜಿಂಕ್ ಫಾಸ್ಫೇಟ್ ಸಿಮೆಂಟ್ ಹಲ್ಲಿಗೆ ಅಂಟುವುದಿಲ್ಲ, ಬರೀ ಸಂದು ತುಂಬಿ ಹಿಡಿಯುತ್ತದೆ. ತಂಪು ಗಾಜಿನ ಹಲಗೆ ಮೇಲೆ ಪುಡಿಯನ್ನು ಚೂರುಚೂರೇ ಸೇರಿಸುತ್ತಾ ಒಂದೂವರೆ ನಿಮಿಷ ಕಲೆಸಬೇಕು. ಮಡಿಕೇರಿಯ ಜುಲೈ ತೇವಕ್ಕೆ ಹಲಗೆ ತೀರಾ ತಣ್ಣಗಿದ್ದರೆ ಮೇಲೆ ನೀರು ಬೆವರುತ್ತದೆ. ಆ ನೀರು ಸೇರಿದರೆ ಸಿಮೆಂಟ್ ಬೇಗ ಬಿಗಿದು, ಬಲ ಕಳೆದುಕೊಳ್ಳುತ್ತದೆ. ನಿಮ್ಮ ಮಳೆಗಾಲದ ಅನುಮಾನಕ್ಕೆ ಇಷ್ಟು ಮಾತ್ರ ಆಧಾರ, ಅದೂ ಕ್ಯಾಪ್ ಕೂರಿಸಿದ ದಿನದ ಮಳೆ!

ತಾತ್ಕಾಲಿಕ ಕ್ಯಾಪ್‌ಗೆ ಲವಂಗದೆಣ್ಣೆಯ ಅಂಶವಾದ ಯೂಜೆನಾಲ್ ಇರುವ ಸಿಮೆಂಟ್ ಬಳಸಿದ್ದರೆ, ಅದರ ಉಳಿಕೆ ರೆಸಿನ್ ಗಟ್ಟಿಯಾಗದಂತೆ ತಡೆಯುತ್ತದೆ. ಪ್ಯೂಮಿಸ್ (ನೊರೆಗಲ್ಲು) ಪುಡಿಯಿಂದ ಉಜ್ಜಿ ತೆಗೆಯಲೇಬೇಕು.

ಹೆಚ್ಚುವರಿ ಸಿಮೆಂಟನ್ನು, ಗ್ಲಾಸ್ ಅಯಾನೊಮರ್ ಅಥವಾ ರೆಸಿನ್ ಆದರೆ ರಬ್ಬರಿನಂತಾದಾಗ, ಜಿಂಕ್ ಫಾಸ್ಫೇಟ್ ಆದರೆ ಪೂರ್ತಿ ಗಟ್ಟಿಯಾದ ಮೇಲೆ ಬಿಡಿಸಬೇಕು. ಒಸಡಿನಡಿ ಉಳಿದರೆ ಊತ ಬರಬಹುದು. ಕಳಚಿದ ಕ್ಯಾಪನ್ನು ಫೆವಿಕ್ವಿಕ್ ಹಾಕಿ ಕೂರಿಸಬೇಡಿ, ಡಬ್ಬಿಯಲ್ಲಿಟ್ಟು ಡಾಕ್ಟರ ಬಳಿ ಒಯ್ಯಿರಿ. ಒಳಗೆ ಹುಳುಕಿಲ್ಲದಿದ್ದರೆ ಅದನ್ನೇ ಮತ್ತೆ ಕೂರಿಸಬಹುದು.