ತೋಟದ ಲೆಕ್ಕಕ್ಕೆ ತಮ್ಮನ ಜೊತೆ ವಾಟ್ಸಾಪ್ ಜಗಳ
ಮೂಡಿಗೆರೆ ತೋಟದ ಲೆಕ್ಕಕ್ಕೆ ಬೆಂಗಳೂರಲ್ಲಿರೋ ತಮ್ಮನ ಜೊತೆ ದಿನಾ ವಾಟ್ಸಾಪಲ್ಲಿ ಜಗಳ ಅಂದ್ರಲ್ಲ, ಕಾರಣ ಲೆಕ್ಕ ಅಲ್ಲ ಅನ್ಸುತ್ತೆ, ಮಳೆಗೆ ನೆಟ್‌ವರ್ಕ್ ಹೋಗಿ ಮೆಸೇಜೆಲ್ಲ ಒಟ್ಟಿಗೆ ಬಂದು ಬೀಳುತ್ತೆ, ಯಾವುದಕ್ಕೆ ಯಾವ ಉತ್ತರ ಅಂತಾನೇ ಗೊತ್ತಾಗಲ್ಲ. ನಮ್ಮನೇಲೂ ಇದೇ ಆಗಿತ್ತು. ಮೊದಲು ಪ್ರೈವೆಸಿ ಸೆಟ್ಟಿಂಗಲ್ಲಿ ರೀಡ್ ರಿಸೀಟ್ಸ್ ಆಫ್ ಮಾಡಿ, ನೀಲಿ ಟಿಕ್ ಕಾಟ ತಪ್ಪುತ್ತೆ (ಗ್ರೂಪಲ್ಲಿ ತಪ್ಪಲ್ಲ). ಆಮೇಲೆ ತಮ್ಮಂಗೆ ಫೋನ್ ಮಾಡಿ ಹೇಳಿ, ಇನ್ಮೇಲೆ ಲೆಕ್ಕ ಭಾನುವಾರ ಒಂದೇ ಈಮೇಲಲ್ಲಿ, ಅರ್ಜೆಂಟ್ ಇದ್ರೆ ಫೋನ್ ಅಂತ. ಕೂಲಿ, ಗೊಬ್ಬರ, ಡೀಸೆಲ್ ಎಲ್ಲ ವಾರಪೂರ್ತಿ ಡ್ರಾಫ್ಟಲ್ಲಿ ಬರ್ಕೊಳ್ತಾ ಹೋಗಿ, ಸಿಟ್ಟಲ್ಲಿ ಬರೆದ ಸಾಲನ್ನ ಬೆಳಿಗ್ಗೆ ಓದಿದ್ರೆ ನೀವೇ ಅಳಿಸ್ತೀರ, ನನಗೆ ಅದೇ ದೊಡ್ಡ ಲಾಭ ಅನ್ಸಿದ್ದು. ತಮ್ಮ ಒಪ್ತಾರೋ ಇಲ್ವೋ ಹೇಳಕ್ಕಾಗಲ್ಲ, ಕೇಳಿ ನೋಡಿ. ಭಾನುವಾರ ನೆಟ್‌ವರ್ಕ್ ಇಲ್ದಿದ್ರೂ ಜಿಮೇಲ್ ಆ್ಯಪಲ್ಲಿ ಸೆಂಡ್ ಒತ್ತಿಬಿಡಿ, ಔಟ್‌ಬಾಕ್ಸಲ್ಲಿದ್ದು ಸಿಗ್ನಲ್ ಬಂದಾಗ ಹೋಗುತ್ತೆ.